ಬಟ್ಟು ನನ್ ಕೈಯಾಗೇ ಅದ, ರೊಕ್ಕ ಹ್ಯಾಂಗ ಹೋದ್ವು?

ಓಟಿಪಿ ಯಾರಿಗೂ ಹೇಳಬೇಡಿ. ಈ ಒಂದು ಮಾತನ್ನು ನಾವೆಲ್ಲ ಮನೆಯವರಿಗೆ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಫೋನ್ ಮಾಡಿದರೆ ರಿಂಗ್ ಬದಲು ಅದೇ ಎಚ್ಚರಿಕೆ ಕೇಳಿಸುತ್ತಿದ್ದ ಕಾಲವೂ ಇತ್ತು. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ‘ಡಿಜಿಟಲ್ ಅರೆಸ್ಟ್’ ಬಗ್ಗೆ ಮಾತಾಡಿ, ವಂಚಕನ ಕರೆಯೊಂದರ ತುಣುಕನ್ನೇ ಕೇಳಿಸಿದ ಮೇಲಂತೂ ನಮ್ಮ ಕಡೆಯ ಕಟ್ಟೆ ಮೇಲೆ ಕೂತವರಿಗೂ ಆ ಪದ ಗೊತ್ತು. ಆ ಕರೆ ಬಂದದ್ದು ನಮ್ಮ ಪಕ್ಕದ ವಿಜಯಪುರದವರಿಗೆ.

ಒಳ್ಳೇದೇ. ಆದರೆ ಓಟಿಪಿ ಕೇಳದೆ, ಲಿಂಕ್ ಕಳಿಸದೆ, ಒಂದು ಫೋನ್ ಕೂಡ ಮಾಡದೆ ಖಾತೆಯಿಂದ ಹಣ ತೆಗೆಯುವ ಬಾಗಿಲು ಒಂದಿದೆ. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸ ಮಾಡುವ ನಮ್ಮಂಥವರು ಅದನ್ನು ಬಳಸುವುದೇ ಇಲ್ಲ. ಹಾಗಾಗಿ ನಮಗೆ ಅದು ನೆನಪೂ ಆಗುವುದಿಲ್ಲ. ಊರಲ್ಲಿರುವ ನಮ್ಮ ಅವ್ವ, ಅಪ್ಪ, ಕಾಕಿ, ಅತ್ತೆ ತಿಂಗಳಿಗೊಮ್ಮೆ ಆ ಬಾಗಿಲಲ್ಲೇ ಹೋಗಿ ಬರುತ್ತಾರೆ. ಅದರ ಹೆಸರು ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ನಮ್ಮ ಊರ ಭಾಷೆಯಲ್ಲಿ ‘ಬಟ್ಟು ಒತ್ತಿ ರೊಕ್ಕ ತೆಗಿಯೋದು’.

ಮೂರೇ ಸಂಗತಿ ಸಾಕು

ಇದು ಕೆಲಸ ಮಾಡುವ ರೀತಿ ತುಂಬಾ ಸರಳ. ಬ್ಯಾಂಕ್ ಮಿತ್ರನ ಹತ್ತಿರ ಒಂದು ಸಣ್ಣ ಮಷಿನ್ ಇರುತ್ತದೆ, ಇಲ್ಲವೇ ಫೋನಿಗೆ ಜೋಡಿಸಿದ ಬೆರಳಚ್ಚು ಸ್ಕ್ಯಾನರ್ ಇರುತ್ತದೆ. ಆತ ನಿಮ್ಮ ಆಧಾರ್ ಸಂಖ್ಯೆ ಹಾಕುತ್ತಾನೆ, ಪಟ್ಟಿಯಿಂದ ನಿಮ್ಮ ಬ್ಯಾಂಕಿನ ಹೆಸರು ಆರಿಸುತ್ತಾನೆ, ಮೊತ್ತ ಹಾಕಿ ಮಷಿನ್ ಮುಂದೆ ಚಾಚುತ್ತಾನೆ. ನೀವು ಹೆಬ್ಬೆರಳು ಒತ್ತುತ್ತೀರಿ. ಎನ್‌ಪಿಸಿಐ ಜಾಲದ ಮೂಲಕ ಅದು ನಿಮ್ಮ ಬ್ಯಾಂಕಿಗೆ ಹೋಗುತ್ತದೆ, ಬೆರಳು ಹೊಂದುತ್ತದೆಯೇ ಅಂತ ಯುಐಡಿಎಐ ಹೇಳುತ್ತದೆ, ಆತ ನಿಮ್ಮ ಕೈಗೆ ನಗದು ಎಣಿಸುತ್ತಾನೆ. ಒಂದು ಸಲಕ್ಕೆ ಗರಿಷ್ಠ 10,000 ರೂಪಾಯಿ. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬೇಡ, ಖಾತೆ ಸಂಖ್ಯೆ ಕೂಡ ಬೇಡ.

ಇದನ್ನು ಬೈಯುವ ಮೊದಲು ಒಂದು ಮಾತು ಹೇಳಿಬಿಡಬೇಕು. ಗುಂಡಗುರ್ತಿಯಂಥ ಊರಿಗೆ ಈ ವ್ಯವಸ್ಥೆ ನಿಜವಾಗಿಯೂ ಉಪಕಾರ ಮಾಡಿದೆ. 2023ರ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಗಿ ತಿಂಗಳಿಗೆ 2,000 ರೂಪಾಯಿ ಹೆಣ್ಣುಮಕ್ಕಳ ಖಾತೆಗೆ ಬರತೊಡಗಿತು. ರೈತರಿಗೆ ಪಿಎಂ ಕಿಸಾನ್ ಕಂತು ವರ್ಷಕ್ಕೆ ಮೂರು ಸಲ 2,000 ರೂಪಾಯಿಯಂತೆ ಬರುತ್ತದೆ. ಉದ್ಯೋಗ ಖಾತ್ರಿ ಕೂಲಿಯೂ ಖಾತೆಗೇ. ಆ ಎರಡು ಸಾವಿರ ತೆಗೆಯಲು ಚಿತ್ತಾಪುರಕ್ಕೋ ಕಲಬುರಗಿಗೋ ಹೋಗಿ, ಬ್ಯಾಂಕಿನಲ್ಲಿ ಪಾಳಿ ಹಚ್ಚಿ, ಫಾರ್ಮ್ ತುಂಬಲು ಯಾರನ್ನೋ ಕಾಡಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ಊರಲ್ಲೇ ಬಟ್ಟು ಒತ್ತಿದರೆ ಹತ್ತು ನಿಮಿಷದ ಕೆಲಸ. ಓದು ಬರಹ ಬಾರದವರು ಯಾರ ಹಂಗೂ ಇಲ್ಲದೆ ತಮ್ಮ ದುಡ್ಡು ತಾವೇ ತೆಗೆದುಕೊಳ್ಳುವಂತೆ ಮಾಡಿದ್ದು ಇದೇ ಮಷಿನ್.

ತೊಂದರೆ ಇರುವುದು ಇನ್ನೊಂದು ಕಡೆ. ಮೇಲಿನ ಮೂರು ಸಂಗತಿಗಳಲ್ಲಿ ಗುಟ್ಟು ಯಾವುದು? ಆಧಾರ್ ಸಂಖ್ಯೆ ಊರ ತುಂಬಾ ಝೆರಾಕ್ಸ್ ಆಗಿ ಬಿದ್ದಿದೆ. ಬ್ಯಾಂಕಿನ ಹೆಸರನ್ನು ಊಹಿಸಬಹುದು. ಉಳಿದದ್ದು ಬೆರಳಚ್ಚು. ಅದನ್ನು ನಾವು ಸ್ಟೀಲ್ ಲೋಟದ ಮೇಲೆ, ಬಸ್ಸಿನ ಕಂಬಿಯ ಮೇಲೆ, ಫೋನಿನ ಗಾಜಿನ ಮೇಲೆ ದಿನವಿಡೀ ಬಿಟ್ಟು ಬರುತ್ತೇವೆ. ಅದಕ್ಕಿಂತ ಮುಖ್ಯವಾಗಿ, ಜಮೀನಿನ ಕಾಗದದ ಮೇಲೆ ಮಸಿ ಹಚ್ಚಿ, ಸ್ಪಷ್ಟವಾಗಿ, ಸರ್ಕಾರದ ಎದುರಿಗೇ ಒತ್ತಿ ಬಂದಿರುತ್ತೇವೆ.

ನಮ್ಮ ಕೆಲಸದಲ್ಲಿ ಹೊಸಬರಿಗೆ ಮೊದಲ ದಿನವೇ ಒಂದು ಪಾಠ ಹೇಳುತ್ತೇವೆ. ಪಾಸ್‌ವರ್ಡ್ ಸೋರಿದರೆ ಬದಲಿಸು. ಬದಲಿಸಲು ಬಾರದೆ ಇರೋದನ್ನು ಪಾಸ್‌ವರ್ಡ್ ಮಾಡಬೇಡ. ಬೆರಳಚ್ಚು ನೀವು ಯಾರು ಅಂತ ಹೇಳಲು ಚೆನ್ನಾಗಿದೆ, ಅಂದರೆ ಅದು ಯೂಸರ್ ನೇಮ್ ಇದ್ದ ಹಾಗೆ. ಅದೊಂದನ್ನೇ ಪಾಸ್‌ವರ್ಡ್ ಜಾಗದಲ್ಲೂ ಕೂರಿಸಿದರೆ, ಒಮ್ಮೆ ಸೋರಿದ ಮೇಲೆ ಬದಲಿಸಲು ಹೊಸ ಬೆರಳು ಎಲ್ಲಿಂದ ತರೋಣ?

ಕಾಗದದ ಮೇಲಿನ ಹೆಬ್ಬೆಟ್ಟು

ಇದು ಬರೀ ಕಲ್ಪನೆಯ ಭಯವಲ್ಲ. 2018ರಲ್ಲಿ ಪಕ್ಕದ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಮ್ ಮಾರುವವನೊಬ್ಬ ಸಿಕ್ಕಿಬಿದ್ದ. ಆತ ಅಲ್ಲಿನ ನೋಂದಣಿ ಇಲಾಖೆಯ ವೆಬ್‌ಸೈಟಿನಿಂದ ಜಮೀನು ದಾಖಲೆ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳಿಂದ ರಬ್ಬರ್ ಸ್ಟ್ಯಾಂಪ್‌ನಂಥ ನಕಲಿ ಬೆರಳು ಮಾಡಿದ್ದ. ಅವುಗಳಿಂದ ಸಾವಿರಾರು ಸಿಮ್‌ಗಳನ್ನು ಬೇರೆಯವರ ಹೆಸರಲ್ಲಿ ಚಾಲೂ ಮಾಡಿದ್ದ. ಆತನ ಉದ್ದೇಶ ತಿಂಗಳ ಟಾರ್ಗೆಟ್ ಮುಗಿಸುವುದಷ್ಟೇ ಆಗಿತ್ತು! ಆದರೆ ಆ ಉಪಾಯವನ್ನು ಬ್ಯಾಂಕ್ ಖಾತೆಗೆ ತಿರುಗಿಸಲು ಬೇರೆಯವರಿಗೆ ಹೆಚ್ಚು ಕಾಲ ಬೇಕಾಗಲಿಲ್ಲ.

2023ರಲ್ಲಿ ಅದು ಕರ್ನಾಟಕಕ್ಕೆ ಬಂತು. ಬೆಂಗಳೂರು, ಮಂಗಳೂರುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಪೊಲೀಸ್ ಠಾಣೆಗೆ ಹೋದರು. ಎಲ್ಲರದ್ದೂ ಒಂದೇ ಕಥೆ: ಯಾರಿಗೂ ಓಟಿಪಿ ಹೇಳಿಲ್ಲ, ಯಾವ ಲಿಂಕೂ ಒತ್ತಿಲ್ಲ, ಆದರೂ ಹತ್ತು ಸಾವಿರ ಹೋಗಿದೆ ಅಂತ ಮೆಸೇಜ್ ಬಂದಿದೆ. ವಿಚಾರಿಸಿದಾಗ ಇವರಲ್ಲಿ ಬಹಳ ಜನರಿಗೆ ಸಮಾನವಾಗಿದ್ದ ಒಂದು ಸಂಗತಿ ಹೊರಗೆ ಬಂತು. ಅವರು ಸ್ವಲ್ಪ ದಿನದ ಹಿಂದೆ ಸೈಟು, ಮನೆ, ಜಮೀನು ನೋಂದಣಿ ಮಾಡಿಸಿದ್ದರು. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರದ ಪ್ರತಿಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಬೆರಳಚ್ಚೂ ಇತ್ತು. ಬೇಕಾದ ಮೂರರಲ್ಲಿ ಎರಡು ಒಂದೇ ಹಾಳೆಯ ಮೇಲೆ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಬೆಂಗಳೂರು ಮತ್ತು ಮಂಗಳೂರಿನ ಪೊಲೀಸರು ಬಿಹಾರದಿಂದ ಕೆಲವರನ್ನು ಹಿಡಿದು ತಂದರು. ದಾಖಲೆಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕಾಣದಂತೆ ಮುಚ್ಚುವ ಕೆಲಸಕ್ಕೆ ಸರ್ಕಾರ ಕೈ ಹಾಕಿತು.

ಯುಐಡಿಎಐ ಕೂಡ ಸುಮ್ಮನೆ ಕೂತಿಲ್ಲ. ಮಷಿನ್ ಮೇಲೆ ಇಟ್ಟದ್ದು ಜೀವಂತ ಬೆರಳೋ ನಕಲಿಯೋ ಅಂತ ಗುರುತಿಸುವ ಹೊಸ ತಪಾಸಣೆಯನ್ನು 2023ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಬೆರಳಿನ ಚಿತ್ರವನ್ನು ಸಾಧನದೊಳಗೇ ಗೂಢಲಿಪಿಗೆ ತಿರುಗಿಸುವ ‘ಎಲ್1’ ದರ್ಜೆಯ ಸ್ಕ್ಯಾನರ್‌ಗಳು ಹಳೆಯ ‘ಎಲ್0’ ಜಾಗಕ್ಕೆ ಬಂದವು. ಇವೆಲ್ಲ ಮೊದಲಿಗಿಂತ ಗಟ್ಟಿ. ಆದರೆ ಮುಚ್ಚುವ ಮೊದಲೇ ಇಳಿಸಿಕೊಂಡ ಹಾಳೆಗಳು ಯಾರ ಯಾರ ಕಂಪ್ಯೂಟರಿನಲ್ಲಿವೆಯೋ ಅಲ್ಲೇ ಇವೆ. ಬೆರಳು ಬದಲಾಗಿಲ್ಲ.

ಕಾಕಿಯ ಪಾಸ್‌ಬುಕ್

ನಮ್ಮ ಕಾಕಿಗೆ ಹೀಗೇ ಆಯಿತು. ತೊಗರಿ ಮಾರಿದ ದುಡ್ಡು ಖಾತೆಯಲ್ಲಿತ್ತು. ಗೊಬ್ಬರದ ಅಂಗಡಿ ಬಾಕಿ ತೀರಿಸೋಣ ಅಂತ ಬಟ್ಟು ಒತ್ತಲು ಹೋದಾಗ ಬ್ಯಾಲೆನ್ಸ್ ಕಡಿಮೆ ತೋರಿಸಿತು. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಎರಡು ಸಾಲು: ಹನ್ನೆರಡು ದಿನದ ಹಿಂದೆ ಒಂದು ಹತ್ತು ಸಾವಿರ, ಎರಡು ದಿನದ ಹಿಂದೆ ಇನ್ನೊಂದು ಹತ್ತು ಸಾವಿರ. ಎರಡೂ ಎಇಪಿಎಸ್. ಆ ಎರಡೂ ದಿನ ಕಾಕಿ ಊರು ಬಿಟ್ಟು ಎಲ್ಲೂ ಹೋಗಿರಲಿಲ್ಲ.

ಬ್ಯಾಂಕಿನಲ್ಲಿ ಕೂತವರು ಸ್ಕ್ರೀನ್ ನೋಡಿ ಹೇಳಿದ್ದು ಒಂದೇ ಮಾತು: “ಸಿಸ್ಟಂನಾಗ ನಿಮ್ ಬಟ್ಟೇ ತೋರಸ್ಲಿಕ್ಕತ್ತದ. ನೀವೇ ತೆಗ್ದೀರಿ, ಇಲ್ಲಾ ಮನ್ಯಾಗಿನವ್ರು ತೆಗ್ಸ್ಯಾರ.” ಕಾಕಿ ಅಲ್ಲಿ ಏನೂ ಮಾತಾಡಲಿಲ್ಲವಂತೆ. ರಾತ್ರಿ ನನಗೆ ಫೋನ್ ಮಾಡಿ ಕೇಳಿದಳು: “ನನ್ ಬಟ್ಟು ನನ್ ಕೈಯಾಗೇ ಅದ ತಮ್ಮಾ, ರೊಕ್ಕ ಹ್ಯಾಂಗ ಹೋದ್ವು? ನಿಮ್ ಕಾಕಾ ನನ್ನ ಮಾರಿ ನೋಡವಲ್ಲ.”

ದುಡ್ಡಿಗಿಂತ ಅವಳಿಗೆ ಚುಚ್ಚಿದ್ದು ಆ ಕೊನೆಯ ಸಾಲು. ಸಹಿ ಮಾಡಲು ಬಾರದವರನ್ನು ‘ಹೆಬ್ಬೆಟ್ಟು’ ಅಂತ ಹೀಯಾಳಿಸುವ ಸಮಾಜ ನಮ್ಮದು. ಅಂಥವರಿಗೆ ನಿನ್ನ ಬೆರಳೇ ನಿನ್ನ ಸಹಿ, ಅದನ್ನು ಯಾರೂ ಕದಿಯಲಾರರು ಅಂತ ಭರವಸೆ ಕೊಟ್ಟು ಮಷಿನ್ ಮುಂದೆ ನಿಲ್ಲಿಸಿದೆವು. ಕಳುವಾದಾಗ ಮಾತ್ರ ಮಷಿನ್ ಸುಳ್ಳು ಹೇಳಲ್ಲ, ನೀನೇ ಹೇಳ್ತಿದ್ದೀಯ ಅನ್ನುತ್ತೇವೆ. ಗಂಡನಿಂದ ಮುಚ್ಚಿಟ್ಟು ತವರಿಗೆ ಕೊಟ್ಟಳೇನೋ ಅಂತ ಮನೆಯಲ್ಲೇ ಅನುಮಾನ ಹುಟ್ಟುತ್ತದೆ. ಇಂಥ ಎಷ್ಟು ಹೆಣ್ಣುಮಕ್ಕಳು ಈ ಅನುಮಾನಕ್ಕೆ ಹೆದರಿ ದೂರು ಕೊಡದೆ ಉಳಿದಿರಬಹುದು, ಯೋಚಿಸಿ.

ಇಲ್ಲಿ ಗೊತ್ತಿರಬೇಕಾದದ್ದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಗ್ರಾಹಕರ ಒಪ್ಪಿಗೆ ಇಲ್ಲದ ಎಲೆಕ್ಟ್ರಾನಿಕ್ ವಹಿವಾಟಿನಲ್ಲಿ ಹೊಣೆ ಯಾರದು ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ತಪ್ಪು ಬ್ಯಾಂಕಿನ ಕಡೆಯದಾದರೆ ನಿಮ್ಮ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದೆ, ಮತ್ತು ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನದೊಳಗೆ ನೀವು ದೂರು ಕೊಟ್ಟಿದ್ದೀರಿ ಅಂದರೆ ಆಗಲೂ ಹೊಣೆ ಸೊನ್ನೆ. 4ರಿಂದ 7 ದಿನದೊಳಗಾದರೆ ನಷ್ಟಕ್ಕೆ ಒಂದು ಮಿತಿ ಇದೆ: ಮೂಲ ಉಳಿತಾಯ ಖಾತೆಗೆ 5,000, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ. 7 ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಹೇಗಿದೆಯೋ ಹಾಗೆ. ದೂರು ಕೊಟ್ಟ 10 ಕೆಲಸದ ದಿನದಲ್ಲಿ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ತೋರಿಸಬೇಕು, 90 ದಿನದಲ್ಲಿ ತೀರ್ಮಾನ ಮಾಡಬೇಕು. ಎಲ್ಲಕ್ಕಿಂತ ಮುಖ್ಯ ಸಾಲು ಇದು: ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡುವ ಹೊರೆ ಬ್ಯಾಂಕಿನ ಮೇಲಿದೆ. “ಸಿಸ್ಟಂನಾಗ ನಿಮ್ ಬಟ್ಟೇ ಅದ” ಅನ್ನುವುದಷ್ಟೇ ಸಾಲದು.

ಮರುದಿನವೇ ಕಾಕಿಯ ಮಗ 1930ಕ್ಕೆ ಫೋನ್ ಹಚ್ಚಿದ, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡ. ಸುತ್ತೋಲೆಯ ತಾರೀಖನ್ನು ಅರ್ಜಿಯಲ್ಲೇ ಬರೆದಿದ್ದೆವು. ಹಣ ತೆಗೆದ ಮಷಿನ್ ಯಾವ ಏಜೆಂಟಿನದು, ಯಾವ ಊರಿನದು ಅಂತ ತಿಳಿಸಿ ಎಂದೂ ಕೇಳಿದ್ದೆವು. ಉತ್ತರ ಬಂದಾಗ ನೋಡಿದರೆ ಮಷಿನ್ ಬೇರೆ ರಾಜ್ಯದ್ದು. ಎರಡನೇ ಹತ್ತು ಸಾವಿರ ಸುಮಾರು ಎರಡು ತಿಂಗಳಲ್ಲಿ ವಾಪಸ್ ಬಂತು. ಮೊದಲನೆಯದು ಇನ್ನೂ ಬಂದಿಲ್ಲ. ‘ನಾವು ಅದೇ ದಿನ ಮೆಸೇಜ್ ಕಳಿಸಿದ್ದೆವು, ನೀವು ಹನ್ನೆರಡು ದಿನ ಸುಮ್ಮನಿದ್ದಿರಿ’ ಅನ್ನುವುದು ಬ್ಯಾಂಕಿನ ವಾದ. ಮೆಸೇಜ್ ಹೋದದ್ದು ನಿಜ. ಅದು ಹೋದದ್ದು ವರ್ಷಗಳ ಹಿಂದೆ ಬಂದ್ ಆದ ಒಂದು ನಂಬರಿಗೆ.

ಒಂದೇ ಕಳ್ಳತನ, ಒಂದೇ ಖಾತೆ. ಒಂದು ಬಂತು, ಒಂದು ಬರಲಿಲ್ಲ. ನಡುವಿನ ವ್ಯತ್ಯಾಸ ಬರೀ ದಿನಗಳದ್ದು.

ಹಾಗಾದರೆ ಏನು ಮಾಡೋಣ?

ಮೊದಲು ನಿಮ್ಮದೇ ಆಧಾರ್‌ನಿಂದ ಶುರು ಮಾಡಿ. ಯುಐಡಿಎಐನ ಎಂಆಧಾರ್ ಆ್ಯಪ್‌ನಲ್ಲಿ, ಇಲ್ಲವೇ ಮೈಆಧಾರ್ ಜಾಲತಾಣದಲ್ಲಿ, ಬಯೋಮೆಟ್ರಿಕ್ ಲಾಕ್ ಅನ್ನುವ ಆಯ್ಕೆ ಇದೆ. ಅದನ್ನು ಹಾಕಿದರೆ ಬೆರಳು, ಕಣ್ಣು, ಮುಖ ಈ ಮೂರರಿಂದಲೂ ಯಾರೂ ನಿಮ್ಮ ಹೆಸರಲ್ಲಿ ದೃಢೀಕರಣ ಮಾಡಲಾಗದು. ಪ್ರಯತ್ನಿಸಿದರೆ ಮಷಿನ್ 330 ಅನ್ನುವ ದೋಷ ಸಂಖ್ಯೆ ತೋರಿಸುತ್ತದೆ. ಓಟಿಪಿ ಮೂಲಕ ಮಾಡುವ ಕೆಲಸಗಳು ಎಂದಿನಂತೆ ನಡೆಯುತ್ತವೆ. ಹೊಸ ಸಿಮ್ ತರುವಾಗಲೋ ನೋಂದಣಿ ಕಚೇರಿಗೆ ಹೋದಾಗಲೋ ಬೆರಳು ಬೇಕಾದರೆ ತಾತ್ಕಾಲಿಕವಾಗಿ ತೆರೆಯಬಹುದು. ಹತ್ತು ನಿಮಿಷದ ನಂತರ ಅದು ತಾನಾಗಿಯೇ ಮತ್ತೆ ಮುಚ್ಚಿಕೊಳ್ಳುತ್ತದೆ. ನಮ್ಮಂಥ ಪಟ್ಟಣದ ನೌಕರರಿಗೆ ವರ್ಷಕ್ಕೆ ಒಂದೆರಡು ಸಲವೂ ಬೆರಳು ಬೇಕಾಗುವುದಿಲ್ಲ. ಲಾಕ್ ಹಾಕದೆ ಇರಲು ಕಾರಣವೇ ಇಲ್ಲ.

ಊರಲ್ಲಿರುವವರದ್ದು ಅಷ್ಟು ಸಲೀಸಲ್ಲ. ರೇಷನ್ ಅಂಗಡಿಯಲ್ಲಿ ಬಟ್ಟು ಒತ್ತಬೇಕು, ಗೃಹಲಕ್ಷ್ಮಿ ದುಡ್ಡಿಗೆ ಬಟ್ಟು ಒತ್ತಬೇಕು. ನೀವು ಲಾಕ್ ಹಾಕಿ ಬೆಂಗಳೂರು ಬಸ್ಸು ಹತ್ತಿದರೆ, ಮುಂದಿನ ತಿಂಗಳು ಅವ್ವ ಅಕ್ಕಿ ಸಿಗದೆ ಚೀಲ ಮಡಚಿಕೊಂಡು ವಾಪಸ್ ಬರುತ್ತಾಳೆ. ಫೋನಿನಲ್ಲಿ ನೀವು ತೆರೆದುಕೊಟ್ಟ ಹತ್ತು ನಿಮಿಷದಲ್ಲಿ ಅವಳ ಪಾಳಿ ಬಾರದೆ ಇರಬಹುದು. ಅದೂ ಅಲ್ಲದೆ, ಹಾಗೆ ತೆರೆಯಲು ಅವಳ ಫೋನಿಗೆ ಬಂದ ಓಟಿಪಿಯನ್ನು ಅವಳು ನಿಮಗೆ ಓದಿ ಹೇಳಬೇಕು. ಯಾರಿಗೂ ಹೇಳಬೇಡ ಅಂತ ಕಲಿಸಿದವರೂ ನೀವೇ!

ಅದಕ್ಕೆ ಊರಿನವರಿಗೆ ನಾನು ಹೇಳುವ ಉಪಾಯ ಬೇರೆ. ಬೆರಳಿಗೆ ಬೀಗ ಹಾಕುವ ಬದಲು, ಬೆರಳು ತೆರೆಯುವ ಪೆಟ್ಟಿಗೆಯಲ್ಲಿ ಕಡಿಮೆ ದುಡ್ಡು ಇಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಸರ್ಕಾರದ ದುಡ್ಡು ಬರುವುದು ಆಧಾರ್‌ಗೆ ಜೋಡಿಸಿದ ಒಂದೇ ಖಾತೆಗೆ. ಆದರೆ ಎಇಪಿಎಸ್‌ನಲ್ಲಿ, ಆಧಾರ್ ಕೊಟ್ಟಿರುವ ಯಾವ ಬ್ಯಾಂಕಿನ ಖಾತೆಯಿಂದ ಬೇಕಾದರೂ ತೆಗೆಯಲು ಪ್ರಯತ್ನಿಸಬಹುದು. ಹಾಗಾಗಿ ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಮೂರೂ ಬಾಗಿಲು ತೆರೆದಿರಬಹುದು. ಗೃಹಲಕ್ಷ್ಮಿ, ಪಿಂಚಣಿ ಬರುವ ಖಾತೆಯನ್ನು ಬಟ್ಟು ಒತ್ತಲು ಇಟ್ಟುಕೊಳ್ಳಲಿ. ತೊಗರಿ ಮಾರಿದ ದುಡ್ಡು, ಮಗಳ ಮದುವೆಗೆ ಕೂಡಿಟ್ಟದ್ದು ಬೇರೆ ಖಾತೆಯಲ್ಲಿ ಅಥವಾ ಎಫ್‌ಡಿಯಲ್ಲಿ ಇರಲಿ. ಆ ಎರಡನೇ ಖಾತೆಗೆ ಎಇಪಿಎಸ್ ಬಂದ್ ಮಾಡಿ ಅಂತ ಬ್ಯಾಂಕಿಗೆ ಅರ್ಜಿ ಕೊಡಿ. ಹಲವು ಬ್ಯಾಂಕ್‌ಗಳು ಇದನ್ನು ಶಾಖೆಯಲ್ಲಿ ಮಾಡಿಕೊಡುತ್ತವೆ, ಕೆಲವು ತಮ್ಮ ಆ್ಯಪ್‌ನಲ್ಲೇ ಸ್ವಿಚ್ ಕೊಟ್ಟಿವೆ.

ನಿಮ್ಮ ಸಂಬಳದ ಖಾತೆಗೂ ಇದೇ ಮಾತು. ಬ್ಯಾಂಕ್ ಖಾತೆಗೂ ಮೊಬೈಲ್ ಸಂಪರ್ಕಕ್ಕೂ ಆಧಾರ್ ಕಡ್ಡಾಯ ಮಾಡುವುದು ಸಲ್ಲದು ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ಕ್ಕೆ ಹೇಳಿತು. ಸರ್ಕಾರದ ಸೌಲಭ್ಯ ಪಡೆಯುವುದಕ್ಕೆ ಅದು ಅನ್ವಯಿಸುವುದಿಲ್ಲ. ಆ ಪ್ರಕರಣವನ್ನು ಕೋರ್ಟಿಗೆ ಒಯ್ದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಅವರು ಅರ್ಜಿ ಹಾಕಿದ್ದರು. ಖಾಸಗಿತನ ಮೂಲಭೂತ ಹಕ್ಕು ಅನ್ನುವ 2017ರ ತೀರ್ಪು ಬಂದದ್ದೂ ಅದೇ ಅರ್ಜಿಯಿಂದ. ನಿಮ್ಮ ಸಂಬಳದ ಖಾತೆಗೆ ಯಾವ ಸಬ್ಸಿಡಿಯೂ ಬಾರದಿದ್ದರೆ, ಅಲ್ಲಿಂದ ಬೆರಳು ಒತ್ತಿ ಹಣ ತೆಗೆಯುವ ದಾರಿ ತೆರೆದಿರಬೇಕಾದ ಅಗತ್ಯವೇ ಇಲ್ಲ.

ಮೂರನೆಯದು ಮೊಬೈಲ್ ನಂಬರ್. ಅಪ್ಪ ಅವ್ವನ ಆಧಾರ್‌ಗೂ ಬ್ಯಾಂಕಿಗೂ ಈಗ ಬಳಸುತ್ತಿರುವ ನಂಬರೇ ಇದೆಯಾ ನೋಡಿ. ಎರಡೂ ಬೇರೆ ಬೇರೆ ಕಡೆ ಬದಲಿಸಬೇಕಾದ ಸಂಗತಿಗಳು. ಆಧಾರ್‌ನಲ್ಲಿ ಬದಲಿಸಲು ಆಧಾರ್ ಕೇಂದ್ರಕ್ಕೆ ಹೋಗಬಹುದು, ಇಲ್ಲವೇ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯ ಇದೆ. ಬ್ಯಾಂಕಿನಲ್ಲಿ ಬೇರೆ ಅರ್ಜಿ. ಕಾಕಿಯ ಹತ್ತು ಸಾವಿರ ನಿಂತಿದ್ದು ಈ ಒಂದು ಅರ್ಜಿಯ ಮೇಲೆ.

ನಾಲ್ಕನೆಯದು ಬಟ್ಟು ಒತ್ತುವ ಜಾಗದ ಶಿಸ್ತು. ಮೊತ್ತ ಎಷ್ಟು ಹಾಕಿದ್ದಾರೆ ಅಂತ ತೋರಿಸಿದ ಮೇಲೆಯೇ ಬೆರಳು ಇಡಬೇಕು. ರಸೀದಿ ಕೇಳಬೇಕು. “ಸರ್ವರ್ ಇಲ್ಲ, ಫೇಲ್ ಆಯ್ತು, ಇನ್ನೊಮ್ಮೆ ಒತ್ತವ್ವಾ” ಅಂದರೆ, ಮೊದಲು ಬ್ಯಾಲೆನ್ಸ್ ನೋಡಿ ಹೇಳು ಅನ್ನಬೇಕು. ಎಷ್ಟೋ ಕಡೆ ಮೊದಲನೆಯದೂ ಹೋಗಿರುತ್ತದೆ, ಎರಡನೆಯದೂ ಹೋಗಿರುತ್ತದೆ, ಕೈಗೆ ಬರುವುದು ಮಾತ್ರ ಒಂದು ಸಲದ್ದು. ಪ್ರಾಮಾಣಿಕ ಬ್ಯಾಂಕ್ ಮಿತ್ರರು ಇಂಥ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಬ್ಯಾಂಕ್ ಕೆಲಸಕ್ಕೂ ರೇಷನ್‌ಗೂ ಬಿಟ್ಟು, ‘ಸರ್ವೆ ಅದ’, ‘ಹೊಸ ಸ್ಕೀಮ್ ಬಂದದ’ ಅಂತ ಮನೆ ಬಾಗಿಲಿಗೆ ಮಷಿನ್ ತಂದವರಿಗೆ ಬೆರಳು ಕೊಡಬಾರದು.

ಐದನೆಯದು ಝೆರಾಕ್ಸ್ ಚಟ. ಪಿಜಿ, ಲಾಡ್ಜ್, ಜಿಮ್, ಬಾಡಿಗೆ ಮನೆ, ಎಲ್ಲ ಕಡೆಯೂ ಪೂರ್ತಿ ಆಧಾರ್ ಪ್ರತಿ ಕೊಡುತ್ತೇವೆ, ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತೇವೆ. ಯುಐಡಿಎಐ ಜಾಲತಾಣದಲ್ಲೇ ‘ಮಾಸ್ಕ್ಡ್ ಆಧಾರ್’ ಸಿಗುತ್ತದೆ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಸಾಮಾನ್ಯವಾಗಿ ಅದೇ ಸಾಕು.

ಯಾರೋ ನೀವಾಗಿದ್ದಾರಾ?

ಕದ್ದ ಗುರುತಿನಿಂದ ದುಡ್ಡು ತೆಗೆಯುವುದಷ್ಟೇ ಅಲ್ಲ, ಸಿಮ್ ತೆಗೆಯಬಹುದು, ಸಾಲವನ್ನೂ ತೆಗೆಯಬಹುದು. ಇದನ್ನು ಪತ್ತೆ ಹಚ್ಚಲು ಮೂರು ಕಡೆ ಇಣುಕಿ ನೋಡಿ, ಮೂರೂ ಪುಕ್ಕಟೆ. ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ತೋರಿಸುತ್ತದೆ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ‘ನನ್ನದಲ್ಲ’ ಅಂತ ಗುರುತು ಮಾಡಿದರೆ ಪರಿಶೀಲನೆ ಶುರುವಾಗುತ್ತದೆ. ಸಿಮ್ ಅಂಗಡಿಯಲ್ಲಿ ಎರಡು ಸಲ ಬೆರಳು ಒತ್ತಿಸಿಕೊಂಡು ಎರಡು ಸಿಮ್ ತೆಗೆದು, ಒಂದನ್ನು ವಂಚಕರಿಗೆ ಮಾರುವುದು ಹಳೆಯ ಉಪಾಯ. ಮೈಆಧಾರ್‌ನಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ದೃಢೀಕರಣಕ್ಕೆ ಬಳಕೆಯಾಗಿದೆ ಅಂತ ಪಟ್ಟಿ ಸಿಗುತ್ತದೆ. ಇನ್ನು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ಸಾಲ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನೀವು ಕೇಳಿಯೇ ಇರದ ಕಂಪನಿಯ ಸಾಲ ಅದರಲ್ಲಿ ಕಂಡರೆ ತಕ್ಷಣ ಆಕ್ಷೇಪ ಹಾಕಿ. ಮನೆ ಸಾಲಕ್ಕೆ ಅರ್ಜಿ ಹಾಕಿದ ದಿನ ಅದು ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಮೇಲು.

ಹೋದ ಮೇಲೆ

ಹಣ ಹೋಗಿದೆ ಅಂತ ಗೊತ್ತಾದ ಕ್ಷಣದಲ್ಲಿ ಮೊದಲು 1930. ಅಥವಾ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು. ಯುಪಿಐ ಮೂಲಕ ಇನ್ನೊಂದು ಖಾತೆಗೆ ಹೋದ ಹಣವನ್ನು ಬೇಗ ಹೇಳಿದರೆ ದಾರಿಯಲ್ಲೇ ತಡೆಯಬಹುದು. ಬೆರಳು ಒತ್ತಿ ನಗದಾಗಿ ತೆಗೆದದ್ದನ್ನು ಹಾಗೆ ಹಿಡಿಯುವುದು ಕಷ್ಟ. ಅದಕ್ಕೇ ಎಇಪಿಎಸ್ ಪ್ರಕರಣದಲ್ಲಿ ಬ್ಯಾಂಕಿಗೆ ಕೊಡುವ ಲಿಖಿತ ದೂರು ಇನ್ನೂ ಮುಖ್ಯ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ತಾರೀಖು, ಮೊತ್ತ, ಆ ದಿನ ಖಾತೆದಾರರು ಎಲ್ಲಿದ್ದರು, 1930ರ ದೂರಿನ ಸಂಖ್ಯೆ, 2017ರ ಸುತ್ತೋಲೆಯ ಉಲ್ಲೇಖ, ಇವಿಷ್ಟು ಬರೆದು ಸ್ವೀಕೃತಿ ಪಡೆಯಿರಿ. ಅದೇ ದಿನ ಬಯೋಮೆಟ್ರಿಕ್ ಲಾಕ್ ಹಾಕಿ, ಏಕೆಂದರೆ ಒಮ್ಮೆ ಬಂದವನು ಮತ್ತೆ ಬರುತ್ತಾನೆ. ಪೊಲೀಸ್ ದೂರಿಗೆ ಜಿಲ್ಲೆಯ ಸಿಇಎನ್ ಠಾಣೆ ಇದೆ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ವಕೀಲರು ಬೇಡ, ಶುಲ್ಕ ಇಲ್ಲ. ಮಾಹಿತಿಗೆ 14448. ಕಾಕಿಯ ಮೊದಲನೇ ಹತ್ತು ಸಾವಿರದ ಅರ್ಜಿ ಈಗ ಅಲ್ಲಿದೆ.

ಒಂದು ಮಾತು ವ್ಯವಸ್ಥೆ ಕಟ್ಟುವವರಿಗೂ ಹೇಳಬೇಕು, ಅವರಲ್ಲಿ ನಮ್ಮಂಥ ಎಂಜಿನಿಯರುಗಳೂ ಇದ್ದಾರೆ. ಬಟ್ಟು ಒತ್ತಿ ಹಣ ತೆಗೆಯುವ ಸೌಲಭ್ಯ ಬೇಕಾದವರಿಗೆ ಇರಲಿ. ಆದರೆ ಖಾತೆಗೆ ಆಧಾರ್ ಕೊಟ್ಟ ಮಾತ್ರಕ್ಕೆ, ಕೇಳದೆಯೇ, ಅದು ಯಾಕೆ ತೆರೆದುಕೊಳ್ಳಬೇಕು? ಎಟಿಎಂ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ನಾವು ಕೇಳಿದ ಮೇಲೆ ತೆರೆಯುವ ಬ್ಯಾಂಕ್, ಬೆರಳಿನ ಬಾಗಿಲನ್ನೂ ಹಾಗೇ ಕೇಳಿ ತೆರೆಯಲಿ. ಹತ್ತು ಸಾವಿರದ ಬದಲು ಎರಡು ಸಾವಿರಕ್ಕೆ ಮಿತಿ ಹಾಕಿಕೊಳ್ಳುವ ಅವಕಾಶವನ್ನು ಕಾಕಿಯಂಥವರಿಗೆ ಕೊಡಲಿ. ಅವಳಿಗೆ ತಿಂಗಳಿಗೆ ಬೇಕಾಗಿರುವುದು ಅಷ್ಟೇ.

ಅದು ಆಗುವವರೆಗೆ ಕೆಲಸ ನಮ್ಮ ಮೇಲಿದೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಗಂಟೆ ಇದಕ್ಕೆ ಇಡಿ. ಮನೆಯವರೆಲ್ಲರ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಪ್ರತಿ ಸಾಲನ್ನೂ ಅವರ ಎದುರಿಗೇ ಓದಿ ಹೇಳಿ. ಬ್ಯಾಂಕಿನಲ್ಲಿ ಯಾವ ನಂಬರ್ ಇದೆ ಕೇಳಿ. ಗೋಡೆಯ ಕ್ಯಾಲೆಂಡರ್ ಮೇಲೆ 1930 ಅಂತ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆಯಿರಿ. ಯಾವತ್ತಾದರೂ ದುಡ್ಡು ಹೋದರೆ ಮೊದಲು ನನಗೆ ಹೇಳು, ಬೈಯುವುದಿಲ್ಲ ಅಂತ ಅವ್ವನಿಗೆ ಮಾತು ಕೊಟ್ಟು ಬನ್ನಿ. ಬೈಗುಳಕ್ಕೆ ಹೆದರಿ ಅವಳು ಸುಮ್ಮನಿದ್ದರೆ ಆ ಮೂರು ದಿನ ಹಾಗೇ ಕಳೆದುಹೋಗುತ್ತವೆ.